ಪರದೇಶಕ್ಕೆ ಹೊರಟವರ ಮನಸ್ಸಿಗೂ ಸಿದ್ಧತೆ ಬೇಕು

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಕರ್ನಾಟಕದ ಗಡಿಗಂಟಿದ ಆಂಧ್ರದ ರೊದ್ದಂ, ಮಡಕಶಿರಾ, ಹಿಂದೂಪುರದ ಸುತ್ತಮುತ್ತ ಎಷ್ಟೋ ಮಕ್ಕಳು ಬೆಳೆಯುವುದು ಹೀಗೆ. ಇವರು ಓದಲೆಂದು ಅಮೆರಿಕಕ್ಕೋ ದುಡಿಯಲೆಂದು ಕುವೈತ್‌ಗೋ ಹೋದಾಗ ಅಲ್ಲಿನ ಭಾರತೀಯರೇ ಕೇಳುತ್ತಾರೆ: ‘ನೀವು ತೆಲುಗಿನವರಾ, ಕನ್ನಡದವರಾ?’ ತಡವರಿಸಬೇಡಿ, ಎರಡೂ ಹೌದು ಎನ್ನಿ. ತಮ್ಮತನ ಬಿಡದೆ ಹೊಸ ಸಮಾಜದೊಂದಿಗೂ ಬೆರೆಯುವ ವಲಸಿಗರು ಸಾಮಾನ್ಯವಾಗಿ ಹೆಚ್ಚು ನೆಮ್ಮದಿಯಿಂದ ಇರುತ್ತಾರೆ ಎಂದು ಕೆನಡಾದ ಮನೋವಿಜ್ಞಾನಿ ಜಾನ್ ಬೆರ್ರಿ ದಶಕಗಳ ಅಧ್ಯಯನದಿಂದ ಕಂಡುಕೊಂಡರು. ಎರಡು ಭಾಷೆಯ ನಡುವೆ ಬಾಳುವುದು ಗಡಿಯವರಿಗೆ ಹೊಸದಲ್ಲ. ಅದು ನಿಮ್ಮ ಬಲ.

ಹೊರಡುವ ಮುನ್ನ

ಸಾಲ ಮಾಡಿ ಹೋದವರು ಕಷ್ಟ ಬಂದರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ‘ಆಗದಿದ್ದರೆ ವಾಪಸ್ ಬಾ, ಸಾಲದ ಮಾತು ಆಮೇಲೆ ನೋಡೋಣ’ ಎಂದು ಮನೆಯ ಹಿರಿಯರು ಮೊದಲೇ ಹೇಳಿ ಕಳಿಸಲಿ. ನಿದ್ರೆಗೋ ಆತಂಕಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಗಲ್ಫ್ ದೇಶಗಳಲ್ಲಿ ಇಂಥ ಕೆಲವು ಮಾತ್ರೆಗಳಿಗೆ ಕಟ್ಟುನಿಟ್ಟಿದೆ, ಮೊದಲೇ ವಿಚಾರಿಸಿ. ರಾಗಿ ಹಿಟ್ಟು, ಕಡಲೆಕಾಯಿ ಚಟ್ನಿಪುಡಿ ಧಾರಾಳವಾಗಿ ಕಟ್ಟಿಕೊಡಿ. ಗಸಗಸೆ ಮಾತ್ರ ಬೇಡ, ಗಲ್ಫ್‌ನ ಕೆಲವು ಕಡೆ ಅದಕ್ಕೆ ನಿಷೇಧವಿದೆ.

ಹೆಸರನ್ನೂ ಕಾಪಾಡಿಕೊಳ್ಳಿ. ನಮ್ಮಲ್ಲಿ ಊರ ಹೆಸರು ಮುಂದೆ ಬರುವುದರಿಂದ ಅಲ್ಲಿ ಅದನ್ನೇ ನಿಮ್ಮ ಹೆಸರೆಂದು ಕೂಗಬಹುದು. ಮೊದಲ ದಿನವೇ ಸರಿಯಾದ ಉಚ್ಚಾರಣೆ ಹೇಳಿಕೊಡಿ, ಸಂಕೋಚ ಬೇಡ. ಹಾಗೆಂದು ಊರ ಹೆಸರನ್ನು ಬಿಡಬೇಕಿಲ್ಲ: ಅಮೆರಿಕದ ಕ್ಯಾಲ್ಟೆಕ್‌ನಲ್ಲಿ 1961ರಲ್ಲಿ ಪಿಎಚ್‌.ಡಿ. ಪಡೆದ ವಿಜ್ಞಾನಿ ರೊದ್ದಂ ನರಸಿಂಹ ಅವರನ್ನು ಜಗತ್ತು ಕೊನೆಯವರೆಗೂ ಊರ ಹೆಸರಿನೊಂದಿಗೇ ಗುರುತಿಸಿತು.

ಹೋದ ಮೇಲೆ

ಮೊದಲ ವಾರಗಳ ಹುರುಪು ಇಳಿದ ಮೇಲೆ ಮನಸ್ಸು ಕುಗ್ಗುವುದು ಸಾಮಾನ್ಯ. ಊರು, ಮಾತು, ಹಬ್ಬ ಕೈತಪ್ಪಿದ ನೋವು ಆಪ್ತರನ್ನು ಕಳೆದುಕೊಂಡ ದುಃಖದಷ್ಟೇ ನಿಜವಾದದ್ದೆಂದು ಬ್ರಿಟನ್ನಿನಲ್ಲಿ ನೆಲೆಸಿದ ಮನೋವೈದ್ಯ ದಿನೇಶ್ ಭುಗ್ರಾ ಬರೆದಿದ್ದಾರೆ. ಅದನ್ನು ಹೇಡಿತನ ಎನ್ನಬೇಡಿ. ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಹೋಗಿ, ತೆಲುಗು ಸಂಘದ ಯುಗಾದಿಗೂ ಹೋಗಿ. ವಾರಕ್ಕೊಮ್ಮೆಯಾದರೂ ಆ ದೇಶದವರೊಡನೆ ಕೂತು ಊಟ ಮಾಡಿ. ಬರೀ ನಮ್ಮವರೊಡನೆಯೇ ಇದ್ದರೆ ಹೊಸ ಊರು ಎಂದೂ ನಮ್ಮದಾಗುವುದಿಲ್ಲ.

ಭಾನುವಾರದ ಫೋನು

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಅಮ್ಮ ‘ಊಟ ಆಯ್ತೇನಪ್ಪಾ?’ ಎನ್ನುತ್ತಾಳೆ. ಮಗ ‘ಆಯ್ತಮ್ಮಾ’ ಎನ್ನುತ್ತಾನೆ. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು, ಕಿಟಕಿಗೆ ಎಳೆದ ಪರದೆ. ವಿಡಿಯೊದಲ್ಲಿ ಮುಖ ಮಾತ್ರ ಕಾಣುತ್ತದೆ. ಎರಡೂ ಕಡೆ ಪ್ರೀತಿ ಇದೆ, ಸತ್ಯ ಮಾತ್ರ ದಾಟುವುದಿಲ್ಲ. ಪ್ರಶ್ನೆ ಬದಲಿಸಿ: ‘ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ? ಈ ವಾರ ಯಾರ ಜೊತೆ ಊಟ ಮಾಡಿದೆ? ಏನು ಅಡುಗೆ ಮಾಡಿದೆ, ತೋರಿಸು.’ ಉತ್ತರ ಬಂದಾಗ ಬುದ್ಧಿವಾದ ಶುರುಮಾಡಬೇಡಿ, ಪೂರ್ತಿ ಕೇಳಿ. ಪಕ್ಕದ ಮನೆಯ ಹುಡುಗ ಕಳಿಸಿದ ದುಡ್ಡಿನ ಸುದ್ದಿಯಂತೂ ಬೇಡವೇ ಬೇಡ. ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ. ಅವರ ನಿದ್ರೆ ಕೆಡದ ಹೊತ್ತು ಗೊತ್ತುಮಾಡಿಕೊಳ್ಳಿ.

ಕೈಮೀರುವ ಮುನ್ನ

ನಿದ್ರೆ, ಹಸಿವು, ಆಸಕ್ತಿ ಎರಡು ವಾರ ಬಿಡದೆ ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ಸಾಯುವ ಮಾತು ಒಮ್ಮೆ ಬಂದರೂ ಕಾಯಬೇಡಿ. ಅಮೆರಿಕದಲ್ಲಿ 988ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು. ಊರಿನಲ್ಲಿರುವ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೋ ತೆಲುಗಿನಲ್ಲೋ ಸಲಹೆ ಕೇಳಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ.

ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಆಪ್ತಸಲಹಾ ಕೇಂದ್ರ ಇರುತ್ತದೆ. ಎಫ್-1 ವೀಸಾದ ವಿದ್ಯಾರ್ಥಿ ವೈದ್ಯರ ಪತ್ರ ತೋರಿಸಿ ಓದಿನ ಹೊರೆ ಕಡಿಮೆ ಮಾಡಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಒಂದು ಪದವಿಯ ಅವಧಿಯಲ್ಲಿ ಒಟ್ಟು 12 ತಿಂಗಳವರೆಗೆ ಹೀಗೆ ಮಾಡಬಹುದು. ಆದರೆ ತರಗತಿ ಬಿಡುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಪಡೆಯಬೇಕು. ಈ ನಿಯಮ ತಿಳಿಯದೆ ವೀಸಾ ಹೋದೀತೆಂದು ಹೆದರಿ ಕಾಯಿಲೆ ಮುಚ್ಚಿಡುವವರಿದ್ದಾರೆ.

ಕುವೈತ್‌ನಂಥ ಕಡೆ ತೀರಾ ಇಕ್ಕಟ್ಟಿಗೆ ಸಿಕ್ಕಿಕೊಂಡವರಿಗೆ ಚಿಕಿತ್ಸೆ, ವಾಪಸಾತಿಯ ಟಿಕೆಟ್‌ಗೆ ನೆರವಾಗಲು ಭಾರತೀಯ ರಾಯಭಾರ ಕಚೇರಿಯಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಮನೆಯವರೇ ದೂರು ದಾಖಲಿಸಬಹುದು. ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದದ ಪ್ರತಿಗಳನ್ನು ಅದಕ್ಕಾಗಿ ಮನೆಯಲ್ಲಿ ತೆಗೆದಿಟ್ಟಿರಿ.