ಗೇರ್ ಬಾಕ್ಸಿನಿಂದ ಮೋಟು ಆಕ್ಸಲ್ ತೆಗೆಯುವ ವಿಧಾನ

 

ನಮ್ಮ ಸೋದರಮಾವನದು ತಾಲ್ಲೂಕು ರಸ್ತೆಯಲ್ಲಿ ಒಂದು ಸಣ್ಣ ಗ್ಯಾರೇಜು. ರಜೆ ಬಂದರೆ ನಾನು ಅಲ್ಲಿ ಪಾನಾ ಕೊಡುವುದು, ಬಿಚ್ಚಿದ ಸಾಮಾನು ತೊಳೆಯುವುದು ಮಾಡುತ್ತೇನೆ. ಅಲ್ಲಿ ಕಣ್ಣಾರೆ ನೋಡಿದ್ದನ್ನು ನಮ್ಮ ವಿಜ್ಞಾನ ಪಾಠಕ್ಕೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಮಾರುತಿ 800 ಕಾರನ್ನೇ ತೆಗೆದುಕೊಂಡಿದ್ದೇನೆ. ಅದು 1983ರಲ್ಲಿ ಬಂತು, 2014ರಲ್ಲಿ ತಯಾರಿಕೆ ನಿಂತಿತು. ಆದರೂ ಹಳ್ಳಿ ಕಡೆ ಇನ್ನೂ ಓಡುತ್ತಿದೆ.

1. ಟ್ರಾನ್ಸಾಕ್ಸಲ್ ಎಂದರೇನು?

ಅಂಬಾಸಿಡರ್ ಕಾರಿನಲ್ಲಿ ಎಂಜಿನ್, ಗೇರ್ ಬಾಕ್ಸ್ ಮುಂದೆ. ಅಲ್ಲಿಂದ ಉದ್ದನೆಯ ಜಾಯಿಂಟ್ ಶಾಫ್ಟ್ ಹಿಂದಕ್ಕೆ ಹೋಗಿ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಮಾರುತಿ 800ರಲ್ಲಿ ಹಂಗಲ್ಲ. ಎಂಜಿನ್ ಅಡ್ಡಡ್ಡ ಕೂತಿದೆ, ಮುಂದಿನ ಚಕ್ರಗಳೇ ಕಾರನ್ನು ಎಳೆಯುತ್ತವೆ. ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. ಈ ಜೋಡಿ ಪೆಟ್ಟಿಗೆಗೆ ಟ್ರಾನ್ಸಾಕ್ಸಲ್ ಎಂದು ಹೆಸರು. ಎಂಜಿನ್ನನ್ನು ಅಡ್ಡ ಇಟ್ಟು ಮುಂದಿನ ಚಕ್ರ ತಿರುಗಿಸುವ ಪದ್ಧತಿಯನ್ನು ಹೆಸರುವಾಸಿ ಮಾಡಿದ್ದು 1959ರ ಇಂಗ್ಲೆಂಡಿನ ಮಿನಿ ಕಾರು. ಅದರ ಗೇರ್ ಬಾಕ್ಸ್ ಎಂಜಿನ್ನಿನ ಕೆಳಗಿತ್ತು. ಎಂಜಿನ್ನಿನ ಪಕ್ಕದಲ್ಲಿ ಗೇರ್ ಬಾಕ್ಸ್ ಜೋಡಿಸಿದ ಇಟಲಿಯ ಪ್ರಿಮುಲಾ ಕಾರು 1964ರಲ್ಲಿ ಬಂತು. ನಮ್ಮ ಮಾರುತಿಯದು ಈ ಎರಡನೆಯ ಪದ್ಧತಿ.

ಡಿಫರೆನ್ಷಿಯಲ್ ಯಾಕೆ ಬೇಕು? ಒಂದು ಲೆಕ್ಕ ಮಾಡೋಣ. ಎಡ, ಬಲ ಚಕ್ರಗಳ ನಡುವೆ ಸುಮಾರು 1.2 ಮೀಟರ್ ಅಂತರ ಇದೆ. ಕಾರು ಅರ್ಧ ವೃತ್ತ ಸುತ್ತಿ ವಾಪಸ್ ತಿರುಗಿತು ಅನ್ನಿ. ಆಗ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ 3.14 × 1.2 = ಸುಮಾರು 3.77 ಮೀಟರ್ ಹೆಚ್ಚು ದೂರ ಓಡಬೇಕು. ಎರಡೂ ಚಕ್ರ ಒಂದೇ ಕಂಬಿಗೆ ಕಟ್ಟಿದ್ದರೆ ಒಂದು ಚಕ್ರ ರಸ್ತೆಗೆ ತಿಕ್ಕಿಕೊಂಡು ಎಳೆದಾಡಬೇಕಾಗುತ್ತಿತ್ತು. ಆದ್ದರಿಂದ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಆಕ್ಸಲ್ ಇವೆ.

2. ಮೋಟು ಆಕ್ಸಲ್ ಒಳಗೆ ಹೇಗೆ ನಿಂತಿದೆ?

ಆಕ್ಸಲಿನ ಒಳತುದಿಯಲ್ಲಿ ಒಂದು ಜಾಯಿಂಟ್ ಇದೆ. ಅದರ ಬಟ್ಟಲಿನಿಂದ ಗಿಡ್ಡನೆಯ ಒಂದು ಕಂಬಿ ಹೊರಟು ಗೇರ್ ಬಾಕ್ಸಿನೊಳಕ್ಕೆ ಹೋಗುತ್ತದೆ. ಇದೇ ಸ್ಟಬ್ ಆಕ್ಸಲ್, ಅಂದರೆ ಮೋಟು ಆಕ್ಸಲ್. ಇದರ ಮೈಮೇಲೆ ಉದ್ದುದ್ದ ಗೀರುಗಳಿವೆ. ಇವುಗಳಿಗೆ ಸ್ಪ್ಲೈನ್ ಅಂತಾರೆ. ಇವು ಡಿಫರೆನ್ಷಿಯಲ್ ಹಲ್ಲುಚಕ್ರದ ಗೀರುಗಳಿಗೆ ಸರಿಯಾಗಿ ಕೂರುತ್ತವೆ.

ಹಾಗಾದರೆ ಅದು ಜಾರಿ ಹೊರಗೆ ಬರುವುದಿಲ್ಲವೇ? ಬರದ ಹಾಗೆ ತಡೆಯುವುದು ತುದಿಯ ಸಣ್ಣ ತಂತಿಯ ಉಂಗುರ. ಗ್ಯಾರೇಜಿನಲ್ಲಿ ಇದನ್ನು ಲಾಕ್ ಅಥವಾ ಸರ್ಕ್ಲಿಪ್ ಎನ್ನುತ್ತಾರೆ. ಇದು ಸ್ಪ್ರಿಂಗ್ ಉಕ್ಕು. ಒಳಗೆ ಹೋದ ಮೇಲೆ ಅರಳಿ ಹಿಡಿದುಕೊಳ್ಳುತ್ತದೆ. ಜೋರಾಗಿ ಒಮ್ಮೆ ಹೊರಕ್ಕೆ ಜಗ್ಗಿದರೆ ಮುದುಡಿಕೊಂಡು ಬಿಟ್ಟುಕೊಡುತ್ತದೆ. ನಿಧಾನವಾಗಿ ಎಳೆದರೆ ಬಿಡುವುದೇ ಇಲ್ಲ.

ಆಕ್ಸಲ್ ಹೊರಬರುವ ತೂತಿನ ಬಾಯಿಗೆ ರಬ್ಬರಿನ ಆಯಿಲ್ ಸೀಲ್ ಇದೆ. ಒಳಗಿನ ಎಣ್ಣೆಯನ್ನು ಕಾಯುವುದು ಇದೇ.

3. ಬೇಕಾದ ಸಾಮಾನು

ಜಾಕ್, ಎರಡು ಗಟ್ಟಿ ಸ್ಟ್ಯಾಂಡು, ಪಾನಾಗಳು, ಟೈರ್ ಲಿವರ್, ಎಣ್ಣೆ ಹಿಡಿಯಲು ಅಗಲದ ಬಾಣಲಿ, ಶುದ್ಧ ಬಟ್ಟೆ, ಹೊಸ ಸೀಲ್, ಹೊಸ ಸರ್ಕ್ಲಿಪ್, ಹೊಸ ಗೇರ್ ಎಣ್ಣೆ.

4. ಕೆಲಸದ ಕ್ರಮ

ಅ) ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ಆಕ್ಸಲಿನ ದೊಡ್ಡ ನಟ್ ಸಡಿಲಿಸಬೇಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಕಾರು ಅಲ್ಲಾಡುತ್ತದೆ.

ಆ) ಜಾಕ್ ಹಾಕಿ ಎತ್ತಿ, ಕೂಡಲೇ ಸ್ಟ್ಯಾಂಡ್ ಕೊಡಬೇಕು. ಇದನ್ನು ಎಲ್ಲರೂ ಎರಡು ಸಲ ಓದಿ. ಈ ಕಾರಿನ ತೂಕ ಸುಮಾರು 650 ಕೆ.ಜಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಅಲ್ಲ. ನಾವು ಲಿವರ್ ಹಾಕಿ ಮೀಟುವಾಗ ಇಡೀ ಗಾಡಿ ಕುಲುಕುತ್ತದೆ. ಜಾಕ್ ಜಾರಿದರೆ ಕೆಳಗಿದ್ದವನ ಎದೆ ಉಳಿಯುವುದಿಲ್ಲ. “ಅರ್ಧ ನಿಮಿಷದ ಕೆಲಸ, ಸ್ಟ್ಯಾಂಡ್ ಯಾಕೆ ಮಾವ?” ಅಂತ ನಾನು ಕೇಳಿದ್ದೆ. “ಕಾರು ಬೀಳೋಕೆ ಅರ್ಧ ನಿಮಿಷವೂ ಬೇಡ ಕಣೋ” ಅಂದರು.

ಇ) ಎಣ್ಣೆ ಇಳಿಸುವ ಮೊದಲು ಎಣ್ಣೆ ತುಂಬುವ ಮೇಲಿನ ಬಿರಡೆ ಬಿಚ್ಚಿ ನೋಡಬೇಕು. ಕೆಳಗಿನದು ಬಿಚ್ಚಿ ಎಣ್ಣೆಯೆಲ್ಲಾ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಎಂದರೆ ಗಾಡಿ ಅಲ್ಲೇ ಕೂತಂತೆ.

ಈ) ಚಕ್ರ ತೆಗೆದು, ಕೆಳಗಿನ ಬಾಲ್ ಜಾಯಿಂಟ್ ಬೋಲ್ಟ್ ಬಿಚ್ಚಿದರೆ ಹಬ್ ಹೊರಕ್ಕೆ ವಾಲಿ ಜಾಗ ಕೊಡುತ್ತದೆ. ಬ್ರೇಕ್ ಪೈಪು ಬಿಗಿಯಾಗದಂತೆ ನೋಡಿಕೊಳ್ಳಬೇಕು.

ಉ) ಈಗ ಮುಖ್ಯ ಕೆಲಸ. ಗೇರ್ ಬಾಕ್ಸಿನ ಮೈಗೂ ಜಾಯಿಂಟಿನ ಬಟ್ಟಲಿಗೂ ನಡುವಿನ ಸಂದಿಗೆ ಲಿವರ್ ತುದಿ ಇಟ್ಟು, ಒಮ್ಮೆ ಚುರುಕಾಗಿ ಮೀಟಬೇಕು. ಇದು ನಾವು ಓದಿದ ಸನ್ನೆಯೇ. ಆಧಾರದಿಂದ ಲಿವರ್ ತುದಿ 3 ಸೆಂ.ಮೀ., ಕೈ 45 ಸೆಂ.ಮೀ. ದೂರದಲ್ಲಿದ್ದರೆ ಬಲ 15 ಪಟ್ಟು ಆಗುತ್ತದೆ. 10 ಕೆ.ಜಿ.ಯಷ್ಟು ಒತ್ತಿದರೆ ತುದಿಯಲ್ಲಿ 150 ಕೆ.ಜಿ. ಬಲ! ಆದ್ದರಿಂದಲೇ ಎಚ್ಚರ ಬೇಕು. ಗೇರ್ ಬಾಕ್ಸಿನ ಮೈ ಅಲ್ಯೂಮಿನಿಯಂ, ಸಿಕ್ಕಾಪಟ್ಟೆ ಮೀಟಿದರೆ ಬಿರುಕು ಬಿಡುತ್ತದೆ. ಲಿವರ್ ಆಳಕ್ಕೆ ಹೋದರೆ ಸೀಲ್ ಹರಿಯುತ್ತದೆ. ಒಂದೇ ಕಡೆ ಹಟ ಹಿಡಿಯದೆ ಆಕ್ಸಲ್ ಸ್ವಲ್ಪ ತಿರುಗಿಸಿ ಮತ್ತೊಂದು ಕಡೆಯಿಂದ ಮೀಟಬೇಕು.

ಊ) ನಡುವಿನ ಉದ್ದ ಕಂಬಿ ಹಿಡಿದು ಜಗ್ಗಲೇಬಾರದು. ಜಗ್ಗಿದರೆ ಮೋಟು ಅಲ್ಲೇ ಉಳಿದು, ಜಾಯಿಂಟ್ ಒಳಗೇ ಬಿಚ್ಚಿಕೊಂಡು ರಬ್ಬರ್ ಬೂಟು ಹರಿಯುತ್ತದೆ.

ಋ) “ಟಕ್” ಎಂದು ಲಾಕ್ ಬಿಟ್ಟ ಮೇಲೆ ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಓರೆಯಾದರೆ ಗೀರುಗಳು ಸೀಲನ್ನು ಕೊಯ್ಯುತ್ತವೆ. ತೂತಿಗೆ ಶುದ್ಧ ಬಟ್ಟೆ ತುರುಕಬೇಕು, ಒಂದು ಮರಳಿನ ಕಾಳೂ ಒಳಗೆ ಹೋಗಬಾರದು. ಎಡ ಬಲ ಆಕ್ಸಲುಗಳ ಉದ್ದ ಬೇರೆ ಬೇರೆ, ಗುರುತು ಹಾಕಿಡಬೇಕು.

ಕೆಲವು ಕಾರುಗಳಲ್ಲಿ ಮೋಟಿನ ತುದಿ ತಟ್ಟೆಯಂತಿದ್ದು, ಆಕ್ಸಲ್ ಅದಕ್ಕೆ ಬೋಲ್ಟಿನಿಂದ ಜೋಡಿಸಿರುತ್ತದೆ. ತಟ್ಟೆಯ ನಡುವೆ ಬೋಲ್ಟ್ ಅಥವಾ ಸರ್ಕ್ಲಿಪ್ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಇನ್ನು ಕೆಲವದರಲ್ಲಿ ಎರಡೂ ಆಕ್ಸಲ್ ಒಟ್ಟಿಗೆ ತೆಗೆದರೆ ಒಳಗಿನ ಹಲ್ಲುಚಕ್ರ ಜಾರಿ ಕುಳಿತು, ಗೇರ್ ಬಾಕ್ಸೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಒಂದೊಂದೇ ಬದಿ ತೆಗೆಯುವುದು ಲೇಸು.

5. ಮರಳಿ ಜೋಡಿಸುವುದು

ಹಳೇ ಸೀಲ್ ತೆಗೆದು ಹೊಸದನ್ನು ಸಮವಾಗಿ ಕೂರಿಸಿ, ಅದರ ತುಟಿಗೆ ಎಣ್ಣೆ ಸವರಬೇಕು. ಹೊಸ ಸರ್ಕ್ಲಿಪ್ ಹಾಕಿ ಆಕ್ಸಲನ್ನು “ಟಕ್” ಅನ್ನುವವರೆಗೆ ಒಳಗೆ ನೂಕಬೇಕು. ಆಮೇಲೆ ಬಟ್ಟಲು ಹಿಡಿದು ಎಳೆದು ನೋಡಬೇಕು. ಬರದಿದ್ದರೆ ಲಾಕ್ ಕೂತಿದೆ. ಬಿಚ್ಚಿದ ಬೋಲ್ಟು, ನಟ್ಟುಗಳನ್ನು ಸರಿಯಾಗಿ ಬಿಗಿದು, ಕಾರು ಸಮವಾಗಿರುವಾಗ ಅಳತೆಗೆ ತಕ್ಕಂತೆ ಎಣ್ಣೆ ತುಂಬಬೇಕು.

ಇಷ್ಟು ಸಣ್ಣ ಸೀಲಿಗೆ ಇಷ್ಟೆಲ್ಲಾ ಯಾಕೆ ಅಂತೀರಾ? ಸೀಲ್ ಹರಿದರೆ ಎಣ್ಣೆ ತೊಟ್ಟು ತೊಟ್ಟಾಗಿ ಸೋರುತ್ತದೆ. ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ. ಎಣ್ಣೆ ಖಾಲಿಯಾದ ಮೇಲೆ ಹಲ್ಲು ಹಲ್ಲಿಗೆ ಉಜ್ಜಿ ಕಾದು, ಬೇರಿಂಗ್ ಜಾಮ್ ಆಗುತ್ತದೆ. ಹಳ್ಳಿಯ ಬಾಡಿಗೆ ಕಾರು ರಾತ್ರಿ ಹೊತ್ತು ಬಸುರಿಯನ್ನೋ ಹಾವು ಕಚ್ಚಿದವರನ್ನೋ ಆಸ್ಪತ್ರೆಗೆ ಕರೆದೊಯ್ಯುತ್ತದೆ. ಅದು ನಡುದಾರಿಯಲ್ಲಿ ನಿಂತರೆ ಒಂದು ಜೀವದ ಪ್ರಶ್ನೆ, ಜೊತೆಗೆ ಅದನ್ನು ನಂಬಿದ ಮನೆಯ ಅನ್ನದ ಪ್ರಶ್ನೆ.

ಹಳೇ ಎಣ್ಣೆಯನ್ನು ಚರಂಡಿಗೋ ಬಾವಿಯ ಹತ್ತಿರವೋ ಸುರಿಯಬಾರದು. ಡಬ್ಬಿಯಲ್ಲಿ ತುಂಬಿಟ್ಟು, ಹಳೇ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

ನೆನಪಿಡಿ

* ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಹೋಗಬೇಡಿ. ದೊಡ್ಡವರಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.
* ಬಟ್ಟಲನ್ನು ಮೀಟಿ, ಕಂಬಿಯನ್ನು ಜಗ್ಗಬೇಡಿ.
* ಮೇಲಿನ ಬಿರಡೆ ಮೊದಲು, ಕೆಳಗಿನದು ಆಮೇಲೆ.

ಉತ್ತರ ಯೋಚಿಸಿ

1) ಕಾರು ನೇರವಾಗಿ ಓಡುವಾಗ ಡಿಫರೆನ್ಷಿಯಲ್ ಇಲ್ಲದಿದ್ದರೂ ನಡೆಯುತ್ತದೆಯೇ?
2) ಲಿವರ್ ಹಿಡಿದ ಕೈ 60 ಸೆಂ.ಮೀ. ದೂರದಲ್ಲಿದ್ದರೆ ಬಲ ಎಷ್ಟು ಪಟ್ಟು?
3) ಸರ್ಕ್ಲಿಪ್ಪನ್ನು ಮೆತ್ತನೆಯ ಕಬ್ಬಿಣದ ತಂತಿಯಿಂದ ಮಾಡಿದರೆ ಏನಾಗುತ್ತದೆ?