ಎಣ್ಣೆ ಡಬ್ಬದ ಎರಡನೇ ತೂತು

ತೋವಿನಕೆರೆಯಿಂದ ಸಿದ್ಧರಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ನನ್ನ ಸ್ಪ್ಲೆಂಡರ್ ಕೈಕೊಟ್ಟ ಜಾಗಗಳನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ಹುಣಸೆಮರ, ಒಂದು ಮೋರಿ, ಒಂದು ಬೋರ್‌ವೆಲ್ ಶೆಡ್ಡು. ಆ ವರ್ಷ ಹುಣಸೆ ಸುಗ್ಗಿಯುದ್ದಕ್ಕೂ ಇದೇ ಗೋಳು. ಬೆಳಿಗ್ಗೆ ಮನೆ ಮುಂದೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗೋದು. ಸ್ವಲ್ಪ ದೂರ ಹೋದ ಮೇಲೆ ಎರಡು ಸಲ ಮುಗ್ಗರಿಸಿ ಆಫ್. ಆಮೇಲೆ ಎಷ್ಟು ತುಳಿದರೂ ಉಸಿರೇ ಇಲ್ಲ.

ನಮ್ಮ ಕಡೆ ರಸ್ತೆಯಲ್ಲಿ ಗಾಡಿ ನಿಂತರೆ ಒಂಟಿಯಾಗಿ ಒದ್ದಾಡಬೇಕಾಗಿಲ್ಲ. ಐದು ನಿಮಿಷದಲ್ಲಿ ಮೂರು ಜನ ಸೇರುತ್ತಾರೆ, ನಾಲ್ಕು ಅಭಿಪ್ರಾಯ ಬರುತ್ತವೆ. ಎಲ್ಲರ ಮೊದಲ ಪ್ರಶ್ನೆ ಮಾತ್ರ ಒಂದೇ: "ಪೆಟ್ರೋಲ್ ಐತಾ ನೋಡ್ದಾ?" ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಇಣುಕಿ ನೋಡುತ್ತಾರೆ. ಇದೆ. ಮುಚ್ಚಳ ಹಾಕುತ್ತಾರೆ. ಆಮೇಲೆ ಒಬ್ಬ ಪ್ಲಗ್ ಕ್ಯಾಪ್ ಕಿತ್ತು, ಉಫ್ ಎಂದು ಊದಿ, ಒತ್ತಿ ಕೂರಿಸಿ ಕಿಕ್ ಹೊಡೆದ. ಸ್ಟಾರ್ಟ್! "ಕ್ಯಾಪ್ ಹೋಗೈತೆ ಕಣಣ್ಣ, ಹೊಸದು ಹಾಕ್ಸು." ಹಾಕಿಸಿದೆ. ಎರಡು ದಿನ ಬಿಟ್ಟು ಮತ್ತೆ ನಿಂತಿತು. ಇನ್ನೊಬ್ಬರು ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದರು. ಮತ್ತೆ ಸ್ಟಾರ್ಟ್. ಪ್ಲಗ್ ಬದಲಾಯಿತು. ಆಮೇಲೆ ಕಾಯಿಲ್ ಬದಲಾಯಿತು. ಕೊನೆಗೆ ಸಿಡಿಐ ಪೆಟ್ಟಿಗೆಯೂ ಬದಲಾಯಿತು. ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ, ಡಾಕ್ಟರ ಮುಂದೆ ಕೂತ ಹಲ್ಲುನೋವಿನ ಹಾಗೆ ಎಲ್ಲ ಮಾಯ. ಮೊದಲ ಕಿಕ್ಕಿಗೇ ಹೂ ಎತ್ತಿದಷ್ಟು ಸಲೀಸಾಗಿ ಓಡೋದು.

ನನಗೇ ಒಂದು ಸಂಗತಿ ಕಂಡಿತ್ತು, ಅದನ್ನು ತಪ್ಪಾಗಿ ಓದಿಕೊಂಡೆ. ಟ್ಯಾಂಕ್ ತುಂಬಿಸಿದ ದಿನ ಗಾಡಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ನಿಲ್ಲುತ್ತಿತ್ತು. ತಳದಲ್ಲಿ ಒಂದೆರಡು ಲೀಟರ್ ಮಾತ್ರ ಇದ್ದಾಗ ಎಂಟು, ಹತ್ತು ಕಿಲೋಮೀಟರ್ ಎಳೆಯುತ್ತಿತ್ತು. ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದು ತೀರ್ಮಾನಿಸಿ ಬಂಕ್ ಬದಲಾಯಿಸಿದೆ. ಪಾಪ, ಬಂಕಿನವರದ್ದು ಏನೂ ತಪ್ಪಿರಲಿಲ್ಲ.

ದಾರಿ ತೋರಿಸಿದವರು ನಮ್ಮ ದೊಡ್ಡಪ್ಪ. ಅವರು ಯೆಜ್ಡಿ ಕಾಲದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ಗೇರ್ ಲಿವರನ್ನೇ ಮೇಲೆತ್ತಿ ಕಿಕ್ಕರ್ ಮಾಡಿಕೊಳ್ಳುತ್ತಿದ್ದ ಆ ಗಾಡಿ. ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅವರು ಅದನ್ನು ಬಹಳ ವರ್ಷ ಓಡಿಸಿದರು. ಪೆಟ್ರೋಲಿಗೆ ಆಯಿಲ್ ಬೆರೆಸಿ, ಪಾಯಿಂಟ್ ಉಜ್ಜಿ, ಪ್ಲಗ್ ತೊಳೆದು ಅಭ್ಯಾಸವಾದ ಕೈ. ನನ್ನ ಪುರಾಣವನ್ನೆಲ್ಲ ಕೇಳಿ ಅವರು ಅಂದದ್ದು ಇಷ್ಟೇ: "ಇಷ್ಟೆಲ್ಲ ಬದಲಾಯಿಸ್ದಲ್ಲ ಮಗ, ನಿಂತಾಗ ಪ್ಲಗ್ ಒದ್ದೆ ಇತ್ತೋ ಒಣಗಿತ್ತೋ?"

ಗೊತ್ತಿರಲಿಲ್ಲ. ಯಾರೂ ನೋಡಿರಲಿಲ್ಲ. ಬಿಚ್ಚಿದ ಕೂಡಲೇ ಉಜ್ಜುವುದೇ ಎಲ್ಲರ ಕೆಲಸ.

ಮುಂದಿನ ಸಲ ಮೋರಿಯ ಹತ್ತಿರ ನಿಂತಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮುಚ್ಚಳ ಮುಟ್ಟಲಿಲ್ಲ. ಪ್ಲಗ್ ಬಿಚ್ಚಿ ನೋಡಿದೆ: ತುದಿ ಒಣಗಿದ ಇಟ್ಟಿಗೆ ಬಣ್ಣ, ಪೆಟ್ರೋಲ್ ವಾಸನೆಯೂ ಇಲ್ಲ. ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿನ ರೆಕ್ಕೆಗೆ ತಾಗಿಸಿಟ್ಟು ಕಿಕ್ ಹೊಡೆದೆ. ಚಟ್ ಚಟ್ ಎಂದು ನೀಲಿ ಕಿಡಿ. (ಪೆಟ್ರೋಲ್ ಸೋರಿರುವಾಗ ಈ ಪರೀಕ್ಷೆ ಮಾಡಬೇಡಿ.) ಕರೆಂಟ್ ಚೆನ್ನಾಗಿಯೇ ಬರುತ್ತಿದೆ. ಅಲ್ಲಿಗೆ ಕಾಯಿಲ್, ಸಿಡಿಐ, ಪ್ಲಗ್‌ಗೆ ಸುರಿದ ಎರಡು ಸಾವಿರದಷ್ಟು ದುಡ್ಡು ನೀರಿನಲ್ಲಿ ಮಾಡಿದ ಹೋಮ ಅಂತ ಖಾತ್ರಿಯಾಯಿತು.

ಉಳಿದದ್ದು ಪೆಟ್ರೋಲ್. ಕಾರ್ಬೊರೇಟರಿನ ಬಟ್ಟಲ ತಳದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಇಂಜಿನ್ ಆರುವ ತನಕ ಕಾದು, ಅದನ್ನು ಸಡಿಲಿಸಿ ಕೆಳಗೆ ಬಾಟಲಿ ಹಿಡಿದೆ. ನಾಲ್ಕು ಹನಿ ಬಿತ್ತು. ಆಮೇಲೆ ತಡೆದು ತಡೆದು ಒಂದೊಂದು. ಟ್ಯಾಂಕಿನಲ್ಲಿ ಮುಕ್ಕಾಲು ಪೆಟ್ರೋಲ್ ಇದೆ, ನಲ್ಲಿ ಆನ್ ಇದೆ, ಕೆಳಗೆ ಮಾತ್ರ ಬರ. ಅದೇ ಸ್ಥಿತಿಯಲ್ಲಿ ಕೀ ಹಾಕಿ ಮುಚ್ಚಳ ತಿರುಗಿಸಿದೆ. "ಸುಯ್" ಎಂದು ಗಾಳಿ ಒಳಗೆ ನುಗ್ಗಿತು, ಬಾಟಲಿಗೆ ಪೆಟ್ರೋಲ್ ದಾರದಂತೆ ಇಳಿಯತೊಡಗಿತು.

ಚಿಕ್ಕವನಿದ್ದಾಗ ಕಡಲೆಕಾಯಿ ಎಣ್ಣೆಯ ಹೊಸ ಡಬ್ಬಕ್ಕೆ ಅಮ್ಮ ಮೊಳೆ ಹೊಡೆಯುತ್ತಿದ್ದದ್ದು ನೆನಪಾಯಿತು. ಒಂದು ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗಳಕ್ ಗಳಕ್ ಎಂದು ನಿಲ್ಲುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಬಿದ್ದರೆ ಧಾರೆ. ಪೆಟ್ರೋಲ್ ಟ್ಯಾಂಕಿನ ಆ ಎರಡನೇ ತೂತು ಇರುವುದು ಮುಚ್ಚಳದಲ್ಲಿ. ಪೆಟ್ರೋಲ್ ಇಳಿದಷ್ಟು ಗಾಳಿ ಅಲ್ಲಿಂದ ಒಳಗೆ ಬರಬೇಕು. ನಾನು ಸುಗ್ಗಿಯಲ್ಲಿ ಹುಣಸೆಹಣ್ಣಿನ ಸಣ್ಣ ಮೂಟೆಯನ್ನು ಟ್ಯಾಂಕಿನ ಮೇಲಿಟ್ಟು ತರುತ್ತಿದ್ದೆ. ಹಣ್ಣಿನ ಅಂಟು, ಮಣ್ಣಿನ ರಸ್ತೆಯ ಧೂಳು, ವಾರಕ್ಕೊಮ್ಮೆ ಮೇಲಿಂದ ಸುರಿದು ತೊಳೆದ ನೀರು, ಮೂರೂ ಸೇರಿ ಮುಚ್ಚಳದೊಳಗೆ ಸಿಮೆಂಟಾಗಿತ್ತು. ಪಿನ್ನಿನಲ್ಲಿ ಕೆರೆದಾಗ ಕರಿಬೆಲ್ಲದಂತಹ ಉಂಡೆ ಉದುರಿತು.

ಟ್ಯಾಂಕ್ ತುಂಬಿದ ದಿನ ಬೇಗ ನಿಲ್ಲುತ್ತಿದ್ದ ಒಗಟೂ ಅಲ್ಲೇ ಬಿಡಿಸಿಕೊಂಡಿತು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ನಾಲ್ಕು ಚಮಚ ಪೆಟ್ರೋಲ್ ಇಳಿದರೂ ಸಾಕು, ಒಳಗಿನ ಒತ್ತಡ ಕುಸಿದು ಪೆಟ್ರೋಲನ್ನು ಮೇಲಕ್ಕೇ ಹಿಡಿದುಕೊಳ್ಳುತ್ತದೆ. ಖಾಲಿ ಜಾಗ ಹೆಚ್ಚಿದ್ದರೆ ಇನ್ನಷ್ಟು ದೂರ ತಾಳುತ್ತದೆ. ಮತ್ತೆ ಆ ಸಹಾಯಕರ ಊದುವಿಕೆ, ಉಜ್ಜುವಿಕೆ? ಗಾಡಿಯನ್ನು ಸರಿಮಾಡಿದ್ದು ಪ್ರತಿ ಸಲವೂ "ಪೆಟ್ರೋಲ್ ಐತಾ" ಎಂದು ತೆಗೆದ ಮುಚ್ಚಳ. ಹೆಸರು ಬಂದದ್ದು ಅದಾದ ಮೇಲೆ ಕೈ ಹಾಕಿದವನಿಗೆ.

ಅಂದಿನಿಂದ ಒಂದು ಹಟ ಹಿಡಿದಿದ್ದೇನೆ: ಒಂದು ಸಲಕ್ಕೆ ಒಂದೇ ಕೆಲಸ, ಅದಾದ ಮೇಲೆ ಕಿಕ್. ಪ್ಲಗ್ ಒಣಗಿದ್ದರೆ ಪೆಟ್ರೋಲ್ ದಾರಿ ಹುಡುಕುತ್ತೇನೆ: ನಲ್ಲಿ ರಿಸರ್ವ್‌ಗೆ ತಿರುಗಿಸಿ ನೋಡುವುದು, ಪೈಪು, ಬಟ್ಟಲು, ಜೆಟ್. ಒದ್ದೆಯಿದ್ದರೆ ಕಿಡಿ ನೋಡುತ್ತೇನೆ, ಚೋಕ್ ಎಳೆದೇ ಬಿಟ್ಟಿದ್ದೇನಾ ನೋಡುತ್ತೇನೆ. ಓವರ್‌ಫ್ಲೋ ಆಗಿದ್ದರೆ ಪ್ಲಗ್ ಒರೆಸಿ, ಚೋಕ್ ಇಳಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ತುಳಿಯುತ್ತೇನೆ. ಪೆಟ್ರೋಲೂ ಇದೆ, ಕಿಡಿಯೂ ಇದೆ, ಆದರೆ ಕಿಕ್ಕರ್ ಕಾಲಿಗೆ ಭಾರವೇ ಇಲ್ಲದೆ ಪೊಳ್ಳಾಗಿ ಇಳಿಯುತ್ತಿದೆ ಎಂದಾದರೆ ಕಂಪ್ರೆಷನ್ ಹೋಗಿದೆ. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು, ಟೆಂಪೋ ಕರೆಯಬೇಕು.

ತಮ್ಮನ ಮಗನ ಹೊಸ ಗಾಡಿ ಮುಂದೆ ಈ ವಿದ್ಯೆ ಅರ್ಧಕ್ಕರ್ಧ ನಡೆಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಬಂದ ಮೇಲಿನ ಆ ಗಾಡಿಗೆ ಕಾರ್ಬೊರೇಟರೂ ಇಲ್ಲ, ನಲ್ಲಿಯೂ ಇಲ್ಲ. ಕೀ ತಿರುಗಿಸಿದಾಗ ಟ್ಯಾಂಕಿನೊಳಗೆ ಪಂಪು ಸಣ್ಣಗೆ ಗುಂಯ್‌ಗುಡುವುದನ್ನು ಕೇಳಿಸಿಕೊಳ್ಳಬೇಕು. ಒಂದು ದಿನ "ದೊಡ್ಡಪ್ಪಾ, ಸ್ಟಾರ್ಟೇ ಆಗ್ತಿಲ್ಲ" ಎಂದು ಕೊರಟಗೆರೆಯಿಂದ ಫೋನ್ ಮಾಡಿದ. ಪಂಪು ಕೇಳಿಸ್ತಾ, ಲೈಟು ಮಂಕಾಯ್ತಾ ಎಂದೆಲ್ಲ ವಿಚಾರಿಸಿದೆ. ಗೇರಿನಲ್ಲಿತ್ತು, ಸೈಡ್ ಸ್ಟ್ಯಾಂಡ್ ಎತ್ತಿರಲಿಲ್ಲ. ಗೇರಿನಲ್ಲಿದ್ದು ಸ್ಟ್ಯಾಂಡ್ ಎತ್ತದಿದ್ದರೆ ಆ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ.

ನನ್ನ ಸ್ಪ್ಲೆಂಡರ್‌ನಿಂದ ಸುಮ್ಮನೆ ಬಿಚ್ಚಿಹಾಕಿದ ಹಳೇ ಪ್ಲಗ್ ಕಿಟಕಿ ಗೂಡಿನಲ್ಲಿ ಕೂತಿತ್ತು. ಒರೆಸಿ ಮತ್ತೆ ಅದನ್ನೇ ಹಾಕಿದೆ. ಎರಡನೇ ಕಿಕ್ಕಿಗೆ ಹಿಡಿಯಿತು. ಹೊಸದು ಈಗ ಗೂಡಿನಲ್ಲಿದೆ.