ದಂಡು ಬಿಟ್ಟುಹೋದ ನೆಲೆಗಳು: ಕಲಾದಗಿ ಛಾವಣಿ, ಹಲಗಲಿ ಬಂಡಾಯ, ಹಳೆಯ ಸೈನಿಕ ತಾಣಗಳ ಮರುಬಳಕೆ – ಮುಖ್ಯಾಂಶಗಳು

ಹಲಗಲಿಯ ಬೇಡರ ಬಂಡಾಯ ಪ್ರೌಢಶಾಲೆಯ ಕನ್ನಡ ಪಾಠದಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಮತ್ತೆ ಮತ್ತೆ ಎದುರಾಗುವ ವಿಷಯ. ಬಂಡೆದ್ದ ಊರಿನ ಹೆಸರು ಎಲ್ಲರಿಗೂ ಬಾಯಿಗೆ ಬರುತ್ತದೆ. ಆ ಊರಿನ ಮೇಲೆ ಏರಿಬಂದ ದಂಡಿನ ನೆಲೆ ಎಲ್ಲಿತ್ತು ಎಂಬುದು ಮಾತ್ರ ಓದಿನಿಂದ ಜಾರಿಹೋಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ವಿದ್ಯಾರ್ಥಿಗಳಿಗೆ ಆ ನೆಲೆ ದೂರದ್ದೇನಲ್ಲ: ಲೋಕಾಪುರದಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ ಕಲಾದಗಿ. ದಂಡು ಬಂದದ್ದು, ಹೊಡೆದದ್ದು, ಹೋದ ಮೇಲೆ ಅದರ ತಾಣಗಳು ಜನರ ಪಾಲಾದದ್ದು – ಈ ಮೂರನ್ನೂ ಒಟ್ಟಿಗೆ ಓದಿದರೆ ನಮ್ಮ ನೆಲದ ಚರಿತ್ರೆ ಪೂರ್ತಿಯಾಗುತ್ತದೆ.

1. ತಿಳಿದಿರಬೇಕಾದ ಪದಗಳು

- ದಂಡು: ಸೈನ್ಯ. ಸೈನ್ಯ ಬೀಡುಬಿಟ್ಟ ಜಾಗಕ್ಕೂ ಇದೇ ಹೆಸರು. ಬೆಂಗಳೂರಿನ ದಂಡು ಪ್ರದೇಶ ಇದಕ್ಕೆ ಉದಾಹರಣೆ.
- ಛಾವಣಿ: ಸೈನ್ಯದ ಕಾಯಂ ನೆಲೆ, ಕಂಟೋನ್ಮೆಂಟ್. ಉತ್ತರ ಕರ್ನಾಟಕದಲ್ಲಿ ಈ ಪದದ ಬಳಕೆ ಹೆಚ್ಚು.
- ಬ್ಯಾರಕ್: ಛಾವಣಿಯೊಳಗೆ ಸಿಪಾಯಿಗಳು ಒಟ್ಟಾಗಿ ವಾಸಿಸುವ ಉದ್ದನೆಯ ಕಟ್ಟಡ.

2. ನಾಲ್ಕು ತಾಲ್ಲೂಕುಗಳು ಅಂದು ಯಾರ ಆಳ್ವಿಕೆಯಲ್ಲಿದ್ದವು?

- ಜಮಖಂಡಿ: ಪಟವರ್ಧನ ಮನೆತನದ ಸಂಸ್ಥಾನ. 1811ರಲ್ಲಿ ಪ್ರತ್ಯೇಕವಾಯಿತು.
- ಮುಧೋಳ: ಘೋರ್ಪಡೆ ಮನೆತನದ ಸಂಸ್ಥಾನ. ಹಲಗಲಿ ಈ ಸಂಸ್ಥಾನಕ್ಕೆ ಸೇರಿತ್ತು.
- ಬನಹಟ್ಟಿ ಜಮಖಂಡಿ ಸಂಸ್ಥಾನದಲ್ಲಿತ್ತು, ಪಕ್ಕದ ರಬಕವಿ ಸಾಂಗಲಿ ಸಂಸ್ಥಾನದಲ್ಲಿತ್ತು. ಇಂದು ಒಂದೇ ಉಸಿರಿನಲ್ಲಿ ಹೇಳುವ ಜೋಡಿ ಊರುಗಳಿಗೆ ಅಂದು ಇಬ್ಬರು ದೊರೆಗಳು.
- ಬೀಳಗಿ: ಮುಂಬಯಿ ಪ್ರಾಂತದ ಅಡಿಯಲ್ಲಿ, ನೇರವಾಗಿ ಬ್ರಿಟಿಷ್ ಆಡಳಿತದಲ್ಲಿತ್ತು.
- ಹೀಗೆ ಸಂಸ್ಥಾನಗಳೂ ಬ್ರಿಟಿಷ್ ಸೀಮೆಯೂ ಹೆಣೆದುಕೊಂಡಿದ್ದ ಪ್ರದೇಶದ ಮೇಲೆ ಕಣ್ಣಿಡಲು ಕಲಾದಗಿಯಂಥ ಛಾವಣಿ ಆಯಕಟ್ಟಿನ ಜಾಗವಾಗಿತ್ತು.

3. ಕಲಾದಗಿ: ಛಾವಣಿಯೂ ಹೌದು, ಜಿಲ್ಲಾ ಕೇಂದ್ರವೂ ಹೌದು

- ಘಟಪ್ರಭಾ ನದಿಯ ಬಲದಂಡೆಯ ಊರು. ಈಗ ಬಾಗಲಕೋಟೆ ತಾಲ್ಲೂಕಿನಲ್ಲಿದೆ.
- ದಕ್ಷಿಣ ಮರಾಠಾ ಕುದುರೆದಂಡಿನ ನೆಲೆ ಇಲ್ಲಿತ್ತು.
- 1864ರಲ್ಲಿ ಕಲಾದಗಿ ಜಿಲ್ಲೆ ರಚನೆಯಾಯಿತು.
- 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಇದೂ ಒಂದು.
- 1885ರಲ್ಲಿ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಹೋಯಿತು. ದಂಡೂ ಇಲ್ಲ, ಕಚೇರಿಯೂ ಇಲ್ಲ ಎಂಬಂತಾಗಿ ಕಲಾದಗಿಯ ಮಹತ್ವ ಕುಗ್ಗಿತು.
- ಹೆಸರು ಮಾತ್ರ ಅಳಿಯಲಿಲ್ಲ. ಭೂವಿಜ್ಞಾನದಲ್ಲಿ ‘ಕಲಾದಗಿ ಶಿಲಾಸಮೂಹ’ ಪ್ರಸಿದ್ಧ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಬಂಡೆಗಳ ವಿವರಣೆ ಇದೆ. ಚಿಕ್ಕು ಮತ್ತು ದಾಳಿಂಬೆಗೂ ಊರು ಹೆಸರಾಗಿದೆ.

4. ಹಲಗಲಿ, 1857

- ಕಾರಣ: ಜನರ ಬಳಿಯಿದ್ದ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ 1857ರ ನಿಶ್ಶಸ್ತ್ರೀಕರಣ ಕಾಯ್ದೆ.
- ಬೇಡರಿಗೆ ಆಯುಧವೇ ಬೇಟೆ, ಆಯುಧವೇ ಕಾವಲು, ಆಯುಧವೇ ಮಾನ. ಅದನ್ನು ಕೊಡುವುದೆಂದರೆ ಬದುಕನ್ನೇ ಕೊಟ್ಟಂತೆ. ಕೊಡಲು ಅವರು ಒಪ್ಪಲಿಲ್ಲ.
- ಮುಂದಾಳುಗಳು: ಹನುಮ, ಬಾಲ, ಜಡಗ, ರಾಮ.
- ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂ ನೇತೃತ್ವದ ಕಲಾದಗಿಯ ಪಡೆ ಊರನ್ನು ಮುತ್ತಿ ಬೆಂಕಿಯಿಟ್ಟಿತು.
- ಸೆರೆಸಿಕ್ಕವರಲ್ಲಿ 19 ಮಂದಿಗೆ ಗಲ್ಲು: ಡಿಸೆಂಬರ್ 11ರಂದು ಮುಧೋಳದಲ್ಲಿ 13, ಡಿಸೆಂಬರ್ 14ರಂದು ಹಲಗಲಿಯಲ್ಲಿ 6.
- ಜನರು ಈ ನೋವನ್ನು ಲಾವಣಿ ಕಟ್ಟಿ ಹಾಡಿದರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದರು. ಮುಂದೆ ಬಿ.ಎಸ್. ಗದ್ದಗಿಮಠ ಅವರ ಸಂಗ್ರಹದ ಮೂಲಕ ಪಠ್ಯಕ್ಕೂ ಬಂತು.

5. ಒಬ್ಬ ಸೇನಾನಿ, ಮೂರು ಊರು

- ಹಲಗಲಿ (ನವೆಂಬರ್ 1857), ಸುರಪುರ (ಫೆಬ್ರವರಿ 1858), ನರಗುಂದ (ಜೂನ್ 1858) – ಮೂರೂ ಕಡೆ ಮಾಲ್ಕಂನ ಪಡೆ ಕಾಣಿಸಿಕೊಂಡಿತು.
- ಸುರಪುರದ ಮೇಲೆ ಮೊದಲು ಬಂದದ್ದು ಲಿಂಗಸುಗೂರು ಛಾವಣಿಯಿಂದ, ಕ್ಯಾಪ್ಟನ್ ವಿಂಡ್‌ಹ್ಯಾಮ್ ನೇತೃತ್ವದ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ.
- 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಬಳಿಕ ನರಗುಂದ ಬಿತ್ತು. ಜೂನ್ 12ರಂದು ನರಗುಂದದ ಅರಸ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.
- ಬಂಡಾಯಗಳು ಬೇರೆ ಬೇರೆ ಎದ್ದವು, ಅವುಗಳನ್ನು ತುಳಿದ ಛಾವಣಿಗಳ ಜಾಲ ಒಂದೇ ಆಗಿತ್ತು. ಉತ್ತರದಲ್ಲಿ ಈ ಅಂಶ ತಪ್ಪದೆ ಬರಲಿ.

6. ದಂಡು ಹೋದ ಮೇಲೆ: ಮರುಬಳಕೆಯ ಮೂರು ಮಾದರಿ

*ವಿಜಯಪುರ:* ಕಲಾದಗಿಯಿಂದ ಬಂದ ಜಿಲ್ಲಾಡಳಿತ ಇಲ್ಲಿ ಛಾವಣಿಯನ್ನಲ್ಲ, ಆದಿಲ್‌ಶಾಹಿ ಕಟ್ಟಡಗಳನ್ನೇ ಬಳಸಿಕೊಂಡಿತು. ಚೀನಿ ಮಹಲ್ ಕಚೇರಿಯಾಯಿತು, ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. 1892ರಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆ ವಸ್ತುಸಂಗ್ರಹಾಲಯವಾಯಿತು. ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂದದ್ದು ಇದೆಲ್ಲ ನಡೆದ ಬಳಿಕ, 1904ರಲ್ಲಿ.

*ಲಿಂಗಸುಗೂರು:* ಕಂಟಿಂಜೆಂಟ್ ನೆಲೆಸಿದ್ದ ಊರಿಗೆ ‘ಛಾವಣಿ’ ಎಂಬ ಗುರುತು, ಹಳೆಯ ಊರಿಗೆ ‘ಕಸಬಾ’ ಎಂಬ ಗುರುತು. 1902ರ ಬೀರಾರ್ ಒಪ್ಪಂದದ ಬಳಿಕ ಕಂಟಿಂಜೆಂಟ್ ಭಾರತೀಯ ಸೇನೆಯಲ್ಲಿ ಕರಗಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯೂ ರದ್ದಾಯಿತು. ದಂಡಿನ ಊರು ತಾಲ್ಲೂಕು ಕೇಂದ್ರವಾಗಿ ಉಳಿಯಿತು.

*ಬಳ್ಳಾರಿ:* ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೈನಿಕರನ್ನು ಇಲ್ಲಿ ಸೆರೆಯಿಡಲಾಗಿತ್ತು. ಅಲ್ಲೀಪುರ ಜೈಲಿನಲ್ಲಿ 1921ರ ಮಲಬಾರ್ ಬಂಡಾಯದ ಕೈದಿಗಳೂ ಮುಂದೆ ಸ್ವಾತಂತ್ರ್ಯ ಹೋರಾಟಗಾರರೂ ಇದ್ದರು. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಮುಂದೆ ವಿಮ್ಸ್ ಎಂದು ಹೆಸರಾದ ಸಂಸ್ಥೆ, ಈ ಜೈಲಿನ ಆವರಣಕ್ಕೆ ಹೊಸ ಬದುಕು ಕೊಟ್ಟಿತು. ಸೆರೆಯ ನೆಲ ಚಿಕಿತ್ಸೆಯ ನೆಲವಾಯಿತು.

7. ಬ್ಯಾರಕ್ ಮರುಬಳಕೆಗೆ ಒದಗುವುದೇಕೆ?

- ಭಾರತದ ಸೇನೆಯ ಆರೋಗ್ಯ ಕುರಿತ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ಸಿಪಾಯಿಗಳು ಯುದ್ಧಕ್ಕಿಂತ ರೋಗದಿಂದ ಹೆಚ್ಚು ಸಾಯುತ್ತಿದ್ದರು. ಹೀಗಾಗಿ ಗಾಳಿ, ಬೆಳಕು, ಶುದ್ಧ ನೀರಿಗೆ ಒತ್ತು ಬಂತು.
- ಎತ್ತರದ ಚಾವಣಿ, ದಪ್ಪ ಗೋಡೆ, ಉದ್ದನೆಯ ಕೋಣೆ, ಸುತ್ತ ಪಡಸಾಲೆ: ತರಗತಿಗೂ ಆಸ್ಪತ್ರೆಯ ವಾರ್ಡಿಗೂ ಕಚೇರಿಗೂ ಹೊಂದುತ್ತವೆ.
- ಕವಾಯತು ಮೈದಾನ ಆಟದ ಬಯಲಾಗುತ್ತದೆ.
- ಹಳೆಯ ಕಟ್ಟಡವನ್ನು ಬಳಸುತ್ತಿದ್ದರೆ ಸೋರುವ ಮಾಡು ರಿಪೇರಿಯಾಗುತ್ತದೆ. ಬೀಗ ಹಾಕಿದರೆ ಅದೇ ಮಾಡು ಗೋಡೆಯನ್ನೂ ಕೆಡವುತ್ತದೆ.

8. ಕಾಲಾನುಕ್ರಮ

- 1809 – ಬೆಂಗಳೂರು ದಂಡು ಸ್ಥಾಪನೆ
- 1857–58 – ಹಲಗಲಿ, ಸುರಪುರ, ನರಗುಂದ
- 1864 – ಕಲಾದಗಿ ಜಿಲ್ಲೆ. ಸೈನಿಕ ಛಾವಣಿಗಳ ಕಾಯ್ದೆಯೂ ಇದೇ ವರ್ಷ
- 1885 – ಜಿಲ್ಲಾ ಕೇಂದ್ರ ವಿಜಯಪುರಕ್ಕೆ
- 1948 ಮಾರ್ಚ್ 8 – ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನ
- 1956 ನವೆಂಬರ್ 1 – ವಿಶಾಲ ಮೈಸೂರು ರಾಜ್ಯಕ್ಕೆ ಸೇರ್ಪಡೆ
- 1997 ಆಗಸ್ಟ್ 15 – ಬಾಗಲಕೋಟೆ ಜಿಲ್ಲೆ ಉದಯ

9. ಒಂದು ವಾಕ್ಯದ ಪ್ರಶ್ನೋತ್ತರ

- ಹಲಗಲಿ ಯಾವ ಸಂಸ್ಥಾನದಲ್ಲಿತ್ತು? – ಮುಧೋಳ.
- ವಿಜಯಪುರಕ್ಕಿಂತ ಮೊದಲಿನ ಜಿಲ್ಲಾ ಕೇಂದ್ರ? – ಕಲಾದಗಿ.
- ವಿಂಡ್‌ಹ್ಯಾಮ್‌ನ ಪಡೆ ಎಲ್ಲಿಂದ ಬಂತು? – ಲಿಂಗಸುಗೂರು.
- ಕರ್ನಾಟಕದಲ್ಲಿ ಕಂಟೋನ್ಮೆಂಟ್ ಬೋರ್ಡ್ ಇರುವ ಊರು? – ಬೆಳಗಾವಿ.

10. ಉತ್ತರ ಬರೆಯುವಾಗ

ಐದು ಅಂಕದ ಪ್ರಶ್ನೆಯಾದರೆ ಕಾರಣ, ಮುಂದಾಳುಗಳು, ದಾಳಿ, ಶಿಕ್ಷೆ, ಲಾವಣಿ – ಈ ಐದು ಅಂಶ ಸಾಕು. ಹತ್ತು ಅಂಕದ್ದಾದರೆ ಕಲಾದಗಿ ಮತ್ತು ಲಿಂಗಸುಗೂರು ಛಾವಣಿಗಳನ್ನು ಸೇರಿಸಿ, ಒಂದು ಚಿಕ್ಕ ನಕ್ಷೆ ಬರೆಯಿರಿ: ಘಟಪ್ರಭೆ, ಮುಧೋಳ, ಹಲಗಲಿ, ಕಲಾದಗಿ. ಪರೀಕ್ಷೆ ಮುಗಿದ ಮೇಲೆ ಒಂದು ರವಿವಾರ ಹಲಗಲಿಗೂ ಕಲಾದಗಿಗೂ ಹೋಗಿಬನ್ನಿ. ನಕ್ಷೆಯಲ್ಲಿ ನೀವು ಇಟ್ಟ ಮೂರು ಊರುಗಳ ಚುಕ್ಕೆಗಳ ನಡುವೆ ಕುದುರೆಗಳಿಗೆ ಎಷ್ಟು ಕಡಿಮೆ ದಾರಿಯಿತ್ತು ಎಂಬುದು ಆಗ ತಿಳಿಯುತ್ತದೆ.